ನೆರಳಿನಿಂದ ರೂಪಕ್ಕೆ: ಸೊಂಟದ ಮುರಿತವನ್ನು ಕಂಡ ಬಗೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಪರದೇಶದಲ್ಲಿ ನೆಲೆಸಿದ ನಾವೆಲ್ಲ ಅಂಜುವ ದೂರವಾಣಿ ಕರೆಯೊಂದಿದೆ: “ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು, ಸೊಂಟ ಮುರಿದಿದೆ.” ಶಸ್ತ್ರಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಒಮ್ಮೊಮ್ಮೆ ಎರಡನೆಯ ಕರೆಯೂ ಬರುತ್ತದೆ: “ಎಕ್ಸ್-ರೇಯಲ್ಲಿ ಎಲ್ಲ ಸರಿಯಾಗಿದೆಯಂತೆ, ಆದರೂ ನೋವು ಹೋಗಿಲ್ಲ.” ಈ ಎರಡನೆಯ ಮಾತಿನ ಹಿಂದೆ ದೀರ್ಘವಾದ ಇತಿಹಾಸವಿದೆ. ಅದೇ ಇಂದಿನ ನನ್ನ ವಿಷಯ.

ನಾವು ಸೊಂಟದ ಮುರಿತ ಎನ್ನುವುದು ವಾಸ್ತವವಾಗಿ ತೊಡೆಮೂಳೆಯ ಮೇಲ್ತುದಿಯ ಮುರಿತ. ಅಲ್ಲಿ ಚೆಂಡಿನಂಥ ತಲೆ, ಅದರ ಕೆಳಗೆ ಓರೆಯಾದ ಕತ್ತು ಇವೆ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೂವಾಜ್ ಪಾರೆ ಕತ್ತಿನ ಮುರಿತವನ್ನು ವರ್ಣಿಸಿದನು. ಆಗ ವೈದ್ಯನಿಗೆ ಕಾಣುತ್ತಿದ್ದುದು ಗಿಡ್ಡವಾಗಿ ಹೊರಕ್ಕೆ ತಿರುಗಿದ ಕಾಲು ಮಾತ್ರ. 1822ರಲ್ಲಿ ಲಂಡನ್ನಿನ ಆಸ್ಟ್ಲೆ ಕೂಪರ್ ತನ್ನ ಗ್ರಂಥದಲ್ಲಿ ಒಂದು ಮುಖ್ಯ ಭೇದವನ್ನು ಗುರುತಿಸಿದನು. ಕೀಲಿನ ಚೀಲದ ಹೊರಗೆ ಮುರಿದರೆ ಮೂಳೆ ಕೂಡುತ್ತದೆ. ಒಳಗೆ ಮುರಿದರೆ ತಲೆಗೆ ಹೋಗುವ ರಕ್ತ ಕಡಿತಗೊಂಡು ಕೂಡುವುದು ಕಷ್ಟ. ಅಂದರೆ ಪ್ರಶ್ನೆಗಳು ಎರಡು: ಮೂಳೆಯ ಆಕಾರ ಹೇಗಿದೆ? ಅದರಲ್ಲಿ ಜೀವವಿದೆಯೆ? ಈ ಎರಡನ್ನೂ ನೆನಪಿನಲ್ಲಿಡೋಣ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಮೂಳೆ ಕಣ್ಣಿಗೆ ಕಂಡಿತು. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ 1925ರಿಂದ ಮೂರು ರೆಕ್ಕೆಗಳ ಮೊಳೆಯಿಂದ ಮುರಿದ ಕತ್ತನ್ನು ಜೋಡಿಸತೊಡಗಿ, 1931ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಮರುವರ್ಷ ಸ್ವೀಡನ್ನಿನ ಸ್ವೆನ್ ಯೊಹಾನ್ಸನ್ ಮೊಳೆಯನ್ನು ಟೊಳ್ಳಾಗಿಸಿದನು. ಮೊದಲು ಸಣ್ಣ ತಂತಿಯನ್ನು ತೂರಿಸಿ, ಕ್ಷ-ಕಿರಣದಲ್ಲಿ ಅದರ ದಾರಿಯನ್ನು ನೋಡಿ, ಆಮೇಲೆ ಅದರ ಮೇಲೆ ಮೊಳೆಯನ್ನು ಇಳಿಸುವುದು ಅವನ ಕ್ರಮ.

ಆದರೆ ಕ್ಷ-ಕಿರಣದ ಚಿತ್ರ ಕೇವಲ ನೆರಳು. ಗೋಡೆಯ ಮೇಲೆ ಬಿದ್ದ ಕೊಡದ ನೆರಳನ್ನು ನೋಡಿ ಅದರ ಹಿಂಬದಿಯ ಬಿರುಕನ್ನು ಹೇಳಬಲ್ಲೆವೆ? ವೈದ್ಯರು ಮುಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದು ಮೂರನೆಯ ಆಯಾಮವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. 1995ರಲ್ಲಿ ಅಮೆರಿಕದ ಬೌಮ್‌ಗಾರ್ಟ್ನರ್ ಮತ್ತು ಸಂಗಡಿಗರು ಈ ಊಹೆಗೊಂದು ಅಳತೆ ಕೊಟ್ಟರು. ಕತ್ತಿನ ಬುಡದ ಭಾಗದ ಮುರಿತಗಳಲ್ಲಿ, ಸ್ಕ್ರೂವಿನ ತುದಿಯಿಂದ ಮೂಳೆಯ ತಲೆಯ ನೆತ್ತಿಗಿರುವ ದೂರವನ್ನು ಎರಡೂ ಚಿತ್ರಗಳಲ್ಲಿ ಅಳೆದು ಕೂಡಿಸಬೇಕು. ಮೊತ್ತ 25 ಮಿಲಿಮೀಟರ್ ಅಥವಾ ಕಡಿಮೆಯಿದ್ದ 120 ಸ್ಕ್ರೂಗಳಲ್ಲಿ ಒಂದೂ ತಲೆಯನ್ನು ಸೀಳಿ ಹೊರಬರಲಿಲ್ಲ.

ನೆರಳನ್ನು ದಾಟುವ ದಾರಿ ಅಷ್ಟರಲ್ಲಿ ಬೇರೆಡೆ ತೆರೆದಿತ್ತು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ ಸಮೀಪದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರ ಮಿದುಳಿನ ಪದರವನ್ನು ತೋರಿಸಿತು. ಇದೇ ಸಿ.ಟಿ. ಸ್ಕ್ಯಾನ್. ಇದಕ್ಕಾಗಿ ಅವರಿಗೂ ಕಾರ್ಮಾಕ್ ಅವರಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿಯೊಂದು ಇಲ್ಲಿದೆ. ಅದೇ 1971ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಅನೇಕ ನೆರಳುಗಳಿಂದ ವಸ್ತುವಿನ ರೂಪವನ್ನು ಮರಳಿ ಕಟ್ಟುವ ಗಣಿತವನ್ನು ಪ್ರಕಟಿಸಿದರು. 1967ರಲ್ಲಿ ರೇಡಿಯೋ ಖಗೋಳ ವಿಜ್ಞಾನಿಗಳೂ ಇಂಥದೇ ವಿಧಾನವನ್ನು ಕಂಡಿದ್ದರು. ಆದರೂ ಸಿ.ಟಿ. ಗಣನೆಯಲ್ಲಿ ಬಳಸುವ ಒಂದು ಶೋಧಕಕ್ಕೆ ಇಂದಿಗೂ ಇವರಿಬ್ಬರ ಹೆಸರನ್ನು ಕೂಡಿಸಿ ‘ರಾಮ್-ಲ್ಯಾಕ್’ ಎನ್ನುತ್ತಾರೆ.

1989ರ ಸುಮಾರಿಗೆ ಸುರುಳಿಯಾಗಿ ಸುತ್ತುವ ಸಿ.ಟಿ. ಬಂದಮೇಲೆ ಪದರಗಳು ಎಡೆಬಿಡದೆ ಸೇರಿ ಮೂಳೆಯ ಇಡೀ ಆಕೃತಿ ಸುಲಭವಾಗಿ ತೆರೆಯ ಮೇಲೆ ನಿಂತಿತು. ಜೋಡಿಸಿದ ಮೂಳೆ ನಿಜವಾಗಿ ಕೂಡಿದೆಯೆ, ಅಥವಾ ಲೋಹದ ಮರೆಯಲ್ಲಿ ಬಿರುಕು ಉಳಿದಿದೆಯೆ? ಸ್ಕ್ರೂವಿನ ತುದಿ ಕೀಲಿನೊಳಗೆ ಇಣುಕಿದೆಯೆ? ಪಾದ ತಿರುಗಿ ನಿಂತಿದ್ದರೆ ಮೂಳೆ ಎಷ್ಟು ಡಿಗ್ರಿ ತಿರುಚಿ ಕೂಡಿದೆ? ಇವಕ್ಕೆ ಚಪ್ಪಟೆ ಚಿತ್ರ ತಡವರಿಸುತ್ತದೆ. ಕತ್ತಿನ ಪದರವನ್ನೂ ಮಂಡಿಯ ಪದರವನ್ನೂ ಒಂದರ ಮೇಲೊಂದಿಟ್ಟು ನೋಡುವ ಸಿ.ಟಿ. ಆ ತಿರುಚನ್ನು ಅಳೆದು ಕೊಡುತ್ತದೆ.

ಹಾಗೆಂದು ಇದು ಸರ್ವಜ್ಞ ಯಂತ್ರವಲ್ಲ. ಲೋಹದ ಸುತ್ತ ಸುಳ್ಳು ಗೆರೆಗಳು ಮೂಡುತ್ತವೆ. ಅವನ್ನು ತಗ್ಗಿಸುವ ಉಪಾಯಗಳಿದ್ದರೂ ಪೂರ್ತಿ ಅಳಿಸಲಾಗದು. ವಿಕಿರಣವೂ ಸಾಧಾರಣ ಎಕ್ಸ್-ರೇಗಿಂತ ಹೆಚ್ಚು. ಆದ್ದರಿಂದ ಎಲ್ಲರಿಗೂ ಇದು ಬೇಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೂಪರ್ ಎತ್ತಿದ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ರಕ್ತವಿಲ್ಲದೆ ಸತ್ತ ಮೂಳೆ ಕುಸಿಯುವವರೆಗೂ ತನ್ನ ಆಕಾರವನ್ನು ಉಳಿಸಿಕೊಂಡಿರಬಲ್ಲುದು. ಅದನ್ನು ಮುಂಚೆಯೇ ಗುರುತಿಸಲು ಎಂ.ಆರ್.ಐ. ಹೆಚ್ಚು ಸಮರ್ಥ, ಅಲ್ಲಿಯೂ ಲೋಹ ಅಡ್ಡ ಬರುತ್ತದೆ.

ಬಂಧುಗಳೆ, ಇತಿಹಾಸ ಕಲಿಸುವ ಪಾಠ ಇಷ್ಟೆ: ಪ್ರತಿಯೊಂದು ಕಾಲದ ಚಿತ್ರವೂ ತನಗೆ ಕಂಡದ್ದನ್ನಷ್ಟೇ ಹೇಳಿತು, ಕಾಣದ್ದು ಇಲ್ಲವೆಂದು ಅದು ಹೇಳಲಿಲ್ಲ, ಹಾಗೆ ಭಾವಿಸಿದವರು ನಾವು. ಊರಿನಿಂದ ಆ ಎರಡನೆಯ ಕರೆ ಬಂದಾಗ “ಚಿತ್ರ ಸರಿಯಿದೆಯಲ್ಲ, ವಯಸ್ಸಾಯಿತು, ನೋವು ಇದ್ದದ್ದೇ” ಎಂದು ಸುಮ್ಮನಾಗಬೇಡಿ. ಕಾಲೂರಿದರೆ ಬಿಡದೆ ನೋವಾಗುತ್ತಿದ್ದರೆ, ಇನ್ನೊಂದು ಬಗೆಯ ಚಿತ್ರ ಬೇಕೆ ಎಂದು ವೈದ್ಯರನ್ನು ವಿನಯದಿಂದ ಕೇಳಿ. ತಾಯಿಯ ನೋವಿನ ಮಾತು ಯಾವ ಯಂತ್ರಕ್ಕಿಂತಲೂ ಹಳೆಯ ಸಾಕ್ಷಿ.