ಅಂಗಡಿಯ ವೇಳೆ ಮತ್ತು ಬೀದಿಯ ಜಾಗ: ಡೊನಾಲ್ಡ್ ಶೂಪ್ ಅವರ ವಾದಕ್ಕೆ ಬೆಂಗಳೂರಿನಿಂದ ಒಂದು ತಿದ್ದುಪಡಿ

2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರದ ಕಾರ್ಮಿಕ ಇಲಾಖೆ ಒಂದು ಅಧಿಸೂಚನೆ ಹೊರಡಿಸಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ಮೂರು ವರ್ಷಗಳ ಕಾಲ ದಿನದ 24 ಗಂಟೆಯೂ ಬಾಗಿಲು ತೆರೆದಿರಬಹುದು ಎಂಬುದು ಅದರ ಸಾರ. ಅದರ ಷರತ್ತುಗಳು ದುಡಿಯುವವರನ್ನು ಕುರಿತವು: ವಾರದ ರಜೆ, ಹೆಚ್ಚುವರಿ ದುಡಿಮೆಯ ಸಂಬಳ, ರಾತ್ರಿ ಪಾಳಿಯ ಮಹಿಳೆಯರ ಒಪ್ಪಿಗೆ ಮತ್ತು ಸುರಕ್ಷತೆ. ಇವೆಲ್ಲ ಬೇಕಾದವೇ. ಆದರೆ ಅಂಗಡಿಗೆ ಕೆಲಸಗಾರರಷ್ಟೇ ಬರುವುದಿಲ್ಲ, ಗಿರಾಕಿಗಳೂ ಬರುತ್ತಾರೆ. ಬೆಂಗಳೂರಿನಲ್ಲಿ ಅವರು ಬಹುಮಟ್ಟಿಗೆ ವಾಹನದಲ್ಲೇ ಬರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಂದ ಗಿರಾಕಿಯ ವಾಹನ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ವೇಳೆಯನ್ನು ನಿರ್ಧರಿಸುವ ಕಚೇರಿಯ ಮುಂದೆ ಬರುವುದೇ ಇಲ್ಲ. ನಿಲುಗಡೆಯನ್ನು ನಿರ್ಧರಿಸುವ ಕಚೇರಿಯ ಮುಂದೆ ವೇಳೆಯ ಪ್ರಶ್ನೆ ಬರುವುದಿಲ್ಲ. ಈ ಬಿರುಕು ಆಡಳಿತದ ಕೊರತೆಯಷ್ಟೇ ಅಲ್ಲ, ವಾಹನ ನಿಲುಗಡೆಯನ್ನು ಕುರಿತ ನಮ್ಮ ಚಿಂತನೆಯಲ್ಲೂ ಅದು ಇದೆ ಎಂಬುದನ್ನು ಈ ಲೇಖನ ತೋರಿಸಲು ಯತ್ನಿಸುತ್ತದೆ.

ಈ ಕ್ಷೇತ್ರದಲ್ಲಿ ಒಮ್ಮತವಿರುವ ಸಂಗತಿಗಳನ್ನು ಬೇಗ ದಾಟಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ‘ದ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಗ್ರಂಥದ ನಂತರ, ಕಟ್ಟಡದ ವಿಸ್ತೀರ್ಣಕ್ಕೆ ಇಂತಿಷ್ಟು ಕಾರು ಎಂದು ಕಡ್ಡಾಯ ಮಾಡುವ ನಿಯಮಗಳಿಗೆ ಶಾಸ್ತ್ರೀಯ ಆಧಾರವಿದೆ ಎಂದು ವಾದಿಸುವವರು ವಿರಳ. ಆ ನಿಯಮಗಳ ಹಿಂದಿನ ಅಂಕಿಗಳನ್ನು ಅವರು ಬಿಡಿಸಿ ನೋಡಿದರು. ಅಮೆರಿಕದ ಸಾರಿಗೆ ಎಂಜಿನಿಯರುಗಳ ಕೈಪಿಡಿಯೊಂದು ಫಾಸ್ಟ್ ಫುಡ್ ಹೋಟೆಲಿಗೆ ಸಾವಿರ ಚದರ ಅಡಿಗೆ 9.95 ನಿಲುಗಡೆ ಎಂದು ದಶಮಾಂಶದವರೆಗೆ ಹೇಳುತ್ತಿತ್ತು. ವಿಸ್ತೀರ್ಣಕ್ಕೂ ನಿಂತ ವಾಹನಗಳ ಸಂಖ್ಯೆಗೂ ಇರುವ ಸಂಬಂಧವನ್ನು ಅಳೆಯುವ ಗುಣಾಂಕ ಅಲ್ಲಿ ಬರೀ 0.038 ಇತ್ತು; ಅಂದರೆ ಸಂಬಂಧವೇ ಇಲ್ಲವೆನ್ನುವಷ್ಟು. ಶೂಪ್ ಸೂಚಿಸಿದ ಪರಿಹಾರ ಮೂರು: ಕಡ್ಡಾಯ ನಿಲುಗಡೆಯನ್ನು ಕೈಬಿಡುವುದು, ಬೀದಿಬದಿಯ ಜಾಗಕ್ಕೆ ಬೇಡಿಕೆಗೆ ತಕ್ಕ ದರ ವಿಧಿಸುವುದು, ಆ ಹಣವನ್ನು ಅದೇ ಬಡಾವಣೆಗೆ ಮರಳಿಸುವುದು. ಇವುಗಳಲ್ಲಿ ಮೊದಲನೆಯದನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ.

ನಮ್ಮ ನಿಯಮಗಳೂ ಅದೇ ಜಾಡಿನವು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಾವಳಿ ಚಿಲ್ಲರೆ ವ್ಯಾಪಾರದ ಕಟ್ಟಡಕ್ಕೆ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗವನ್ನು ಕೇಳುತ್ತದೆ. ನಕ್ಷೆ ಮಂಜೂರಾಗುವ ದಿನ ಈ ಲೆಕ್ಕ ಮುಗಿಯುತ್ತದೆ. ಆಮೇಲೆ ಅಲ್ಲಿ ಬೇಕರಿ ಬರಲಿ, ಒಡವೆ ಅಂಗಡಿ ಬರಲಿ, ಸಂಜೆ ಎಂಟಕ್ಕೆ ಶಟರ್ ಎಳೆಯಲಿ, ನಡುರಾತ್ರಿ ಎರಡಕ್ಕೆ ಎಳೆಯಲಿ, ಆ ಅಂಕಿ ಬದಲಾಗದು. ಉದ್ದಿಮೆ ಪರವಾನಗಿ ಕೊಡುವವರು ಪಾಲಿಕೆಯವರು. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 353ನೆಯ ಪ್ರಕರಣ ಅದಕ್ಕೆ ಆಧಾರವಾಗಿತ್ತು. ವೇಳೆಯ ಅಧಿಕಾರವಾದರೋ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೂಲಕ ರಾಜ್ಯ ಸರ್ಕಾರದ ಕೈಯಲ್ಲಿದೆ. ಸದ್ದಿನ ನಿಯಮ ಕೇಂದ್ರದ್ದು: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್.

ಇನ್ನು ವಿವಾದದ ಅಂಶಕ್ಕೆ ಬರುತ್ತೇನೆ.

ವೇಳೆ ವಿಸ್ತರಣೆಗೆ ನೆರೆಹೊರೆಯವರು ಒಡ್ಡುವ ಮೊದಲ ಆಕ್ಷೇಪ ಎಲ್ಲ ಊರುಗಳಲ್ಲೂ ಒಂದೇ: ಈಗಲೇ ಗಾಡಿ ನಿಲ್ಲಿಸಲು ಜಾಗವಿಲ್ಲ, ಹೊತ್ತು ಹೆಚ್ಚಿಸಿದರೆ ಇನ್ನೂ ಇಕ್ಕಟ್ಟಾಗುತ್ತದೆ. ಶೂಪ್ ಅವರ ದಾರಿಯಲ್ಲಿ ನಡೆಯುವವರು ಇದಕ್ಕೆ ಸುಲಭವಾಗಿ ಉತ್ತರಿಸಬಲ್ಲರು. ಯಾವುದೇ ಗಳಿಗೆಯಲ್ಲಿ ನಿಂತಿರುವ ವಾಹನಗಳ ಸರಾಸರಿ ಸಂಖ್ಯೆ ಎಂದರೆ ಗಂಟೆಗೆ ಬರುವ ವಾಹನಗಳನ್ನು ಪ್ರತಿ ವಾಹನ ನಿಲ್ಲುವ ಹೊತ್ತಿನಿಂದ ಗುಣಿಸಿದಷ್ಟು. ಸರತಿಸಾಲಿನ ಗಣಿತದಲ್ಲಿ ಇದನ್ನು 1961ರಲ್ಲಿ ಸಾಧಿಸಿ ತೋರಿಸಿದವರು ಜಾನ್ ಲಿಟಲ್. ಈ ಸೂತ್ರದಲ್ಲಿ ಅಂಗಡಿಯ ವಿಸ್ತೀರ್ಣಕ್ಕೆ ಸ್ಥಾನವೇ ಇಲ್ಲ ಎಂಬುದನ್ನು ಗಮನಿಸಬೇಕು. 150 ಚದರ ಮೀಟರಿನ ಅಂಗಡಿಯೊಂದನ್ನು ಊಹಿಸೋಣ. ನಿಯಮದಂತೆ ಅದಕ್ಕೆ ಮೂರು ಕಾರಿನ ಜಾಗ. ಪ್ರತಿ ಗಿರಾಕಿ ಇಪ್ಪತ್ತು ನಿಮಿಷ ನಿಲ್ಲುವುದಾದರೆ ಆ ಮೂರು ಜಾಗಗಳಲ್ಲಿ ಗಂಟೆಗೆ ಒಂಬತ್ತು ಕಾರುಗಳು ಬಂದು ಹೋಗಬಹುದು. ಒಂದೂವರೆ ಗಂಟೆ ನಿಲ್ಲುವುದಾದರೆ ಎರಡೇ. ನಿಂತೇ ತಿಂದು ಕಾಫಿ ಕುಡಿದು ಹೊರಡುವ ದರ್ಶಿನಿಯೂ, ಕುಳಿತು ಹರಟುವ ರೆಸ್ಟೋರೆಂಟೂ ಒಂದೇ ವಿಸ್ತೀರ್ಣದವಾದರೂ ಬೀದಿಯ ಮೇಲೆ ಹೇರುವ ಭಾರದಲ್ಲಿ ಇಷ್ಟು ಅಂತರ. ವಾಹನ ಕಾರೋ ಸ್ಕೂಟರೋ ಎಂಬುದನ್ನು ಸೇರಿಸಿದರೆ ಅಂತರ ಇನ್ನೂ ಬೆಳೆಯುತ್ತದೆ.

ಈ ಸೂತ್ರವನ್ನು ಹಿಡಿದು ನೋಡಿದರೆ, ದಿನದ ಗಿರಾಕಿಗಳ ಒಟ್ಟು ಸಂಖ್ಯೆ ಅಷ್ಟೇ ಇದ್ದು ಅಂಗಡಿ ತೆರೆದಿರುವ ಹೊತ್ತು ಹೆಚ್ಚಿದರೆ ದಟ್ಟಣೆ ಕಡಿಮೆಯಾಗಬೇಕು. ಹೊಸ ಗಿರಾಕಿಗಳು ಬಂದರೂ ಅವರು ಹೊಸ ವೇಳೆಯಲ್ಲಿ ಬರುತ್ತಾರೆ. ಸಂಜೆ ಏಳರ ಇಕ್ಕಟ್ಟನ್ನು ಅವರು ಹೆಚ್ಚಿಸುವುದಿಲ್ಲ. ಆದ್ದರಿಂದ ‘ಇಕ್ಕಟ್ಟು ಹೆಚ್ಚುತ್ತದೆ’ ಎಂಬ ಆಕ್ಷೇಪ, ಅಂಗಡಿಯ ಸ್ವಂತ ದಟ್ಟಣೆಯ ಮಟ್ಟಿಗೆ, ನಿಲ್ಲುವುದಿಲ್ಲ. ಇಲ್ಲಿಯವರೆಗೆ ವಾದ ಸರಿಯಾಗಿದೆ.

ನನ್ನ ಭಿನ್ನಾಭಿಪ್ರಾಯ ಇದರ ಮುಂದಿನ ಹೆಜ್ಜೆಯಲ್ಲಿ. ಈ ಲೆಕ್ಕ ಅಂಗಡಿಯನ್ನು ಒಂಟಿಯಾಗಿ ನೋಡುತ್ತದೆ. ಬೀದಿ ಅಂಗಡಿಯೊಂದರದೇ ಅಲ್ಲ. ಹಳೆಯ ಬಡಾವಣೆಗಳಲ್ಲಿ, ಅಂದರೆ ಬಸವನಗುಡಿ, ಜಯನಗರ, ಮಲ್ಲೇಶ್ವರದ ಒಳರಸ್ತೆಗಳಲ್ಲಿ, ಬಹಳಷ್ಟು ಮನೆಗಳು ಎದ್ದದ್ದು ಮನೆಗೊಂದು ಕಾರು ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ. ಅಲ್ಲಿನ ಕಾರುಗಳು ರಾತ್ರಿ ಬೀದಿಯಲ್ಲೇ ಮಲಗುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೋದಾಗ ಜಾಗ ತೆರವಾಗುತ್ತದೆ, ಅಂಗಡಿಯ ಗಿರಾಕಿ ಅಲ್ಲಿ ನಿಲ್ಲಿಸುತ್ತಾನೆ; ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮನೆಯವರು ಮರಳುತ್ತಾರೆ. ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಪ್ಪಂದವಿದು. ಒಂದೇ ಜಾಗವನ್ನು ಹಗಲು ವ್ಯಾಪಾರಕ್ಕೂ ರಾತ್ರಿ ವಾಸಕ್ಕೂ ಹಂಚಿಕೊಳ್ಳಬಹುದೆಂಬ ತತ್ವವನ್ನು ಅಮೆರಿಕದ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ 1983ರ ‘ಶೇರ್ಡ್ ಪಾರ್ಕಿಂಗ್’ ವರದಿಯಲ್ಲಿ ಕ್ರಮಬದ್ಧವಾಗಿ ಮಂಡಿಸಿತು. ಶೂಪ್ ಅವರೂ ಈ ಹಂಚಿಕೆಯ ಪರ. ಆದರೆ ಈ ಹಂಚಿಕೆ ನಿಂತಿರುವುದು ಎರಡು ಬೇಡಿಕೆಗಳ ವೇಳೆ ಬೇರೆ ಬೇರೆ ಎಂಬ ಒಂದೇ ಕಂಬದ ಮೇಲೆ. ಅಂಗಡಿಯ ವೇಳೆಯನ್ನು ನಡುರಾತ್ರಿಯವರೆಗೆ ಹಿಗ್ಗಿಸಿದರೆ ಆ ಕಂಬವೇ ಕುಸಿಯುತ್ತದೆ.

ಹೀಗಾಗಿ ನನ್ನ ಪ್ರತಿಪಾದನೆ ಇದು: ವಸತಿ ಬೀದಿಯಲ್ಲಿ ಅಂಗಡಿಯ ವೇಳೆಯನ್ನು ರಾತ್ರಿಗೆ ವಿಸ್ತರಿಸುವ ಅನುಮತಿ, ಹೆಸರಿಗೆ ವೇಳೆಯ ಅನುಮತಿಯಾದರೂ, ಪರಿಣಾಮದಲ್ಲಿ ಸಾರ್ವಜನಿಕ ಬೀದಿಯ ಜಾಗದ ಮರುಹಂಚಿಕೆ. ಆ ಹಂಚಿಕೆಯನ್ನು ಮಾಡುವವರು ಅದನ್ನು ಹಂಚಿಕೆಯೆಂದು ತಿಳಿದು ಮಾಡಬೇಕು.

ಈ ಮಾತಿಗೆ ಮಿತಿಗಳನ್ನು ಇಲ್ಲೇ ಹೇಳಬೇಕು. ಮೊದಲನೆಯದಾಗಿ, ಬ್ರಿಗೇಡ್ ರಸ್ತೆಯಂಥ ಪೂರ್ಣ ವಾಣಿಜ್ಯ ಬೀದಿಗಳಿಗೆ ಇದು ಅನ್ವಯಿಸದು. ಅಲ್ಲಿ ರಾತ್ರಿ ಜಾಗ ಕೇಳುವ ಮನೆಗಳು ಕಡಿಮೆ. ವಿ.ವಿ. ಪುರದ ತಿಂಡಿ ಬೀದಿಗೂ ಇದನ್ನು ಹಾಗೆಯೇ ಹೊರಿಸಲಾಗದು. ಸಂಜೆಯ ಹೊತ್ತಿಗೇ ಕಳೆಗಟ್ಟುವ ಬೀದಿ ಅದು, ಅಲ್ಲಿನ ಒಪ್ಪಂದವೇ ಬೇರೆ. ಎರಡನೆಯದಾಗಿ, ಮನೆಯವರು ಬೀದಿಯಲ್ಲಿ ಕಾರು ನಿಲ್ಲಿಸುವುದು ಹಕ್ಕೆಂದು ನಾನು ಹೇಳುತ್ತಿಲ್ಲ. ಮನೆಯ ಮುಂದಿನ ರಸ್ತೆ ಮನೆಯವರದಲ್ಲ. ಜಪಾನಿನಲ್ಲಿ 1962ರ ಕಾನೂನಿನಂತೆ ಕಾರು ಕೊಳ್ಳುವವರು ಅದನ್ನಿಡುವ ಜಾಗವನ್ನು ಮೊದಲು ತೋರಿಸಬೇಕು. ಅಂಥ ನಿಯಮ ಇಲ್ಲಿ ಬಂದರೆ ನನ್ನ ವಾದದ ಬಹುಪಾಲು ಬಲ ಉಡುಗುತ್ತದೆ. ಮೂರನೆಯದಾಗಿ, ಶೂಪ್ ಅವರು ಕಾಲದ ಆಯಾಮವನ್ನು ಮರೆತರು ಎಂದರೆ ಅನ್ಯಾಯವಾದೀತು. ಹೊತ್ತಿಗೆ ತಕ್ಕಂತೆ ದರ ಏರಿಳಿಯಬೇಕೆಂದು ಅವರೇ ಹೇಳಿದ್ದಾರೆ. ನಿವಾಸಿಗಳ ಹಿತ ಕಾಯುವ ವಲಯಗಳನ್ನೂ ಸೂಚಿಸಿದ್ದಾರೆ. ನನ್ನ ಆಕ್ಷೇಪ ಇಷ್ಟಕ್ಕೆ ಸೀಮಿತ: ಬೇಡಿಕೆಗೆ ತಕ್ಕಂತೆ ದರ ಬದಲಾಗಬೇಕೆನ್ನುವಾಗ ಅಂಗಡಿಯ ವೇಳೆಯನ್ನು ಮೊದಲೇ ಇದ್ದ ಸಂಗತಿಯೆಂದು ಇಟ್ಟುಕೊಳ್ಳಲಾಗುತ್ತದೆ. ವಸತಿ ಬೀದಿಗಳಲ್ಲಿ ನಿಲುಗಡೆಯ ದರವೇ ಇಲ್ಲದ, ನಿವಾಸಿಗಳ ಪರವಾನಗಿಯೂ ಬಳಕೆಗೆ ಬಾರದ ಊರಿನಲ್ಲಿ ವೇಳೆಯೇ ದರದ ಕೆಲಸ ಮಾಡುತ್ತಿತ್ತು. ಅಂಗಡಿ ಒಂಬತ್ತಕ್ಕೆ ಮುಚ್ಚುತ್ತಿದ್ದದ್ದು ಬೀದಿಯನ್ನು ಮನೆಯವರಿಗೆ ಬಿಟ್ಟುಕೊಡುವ ಏಕೈಕ ಏರ್ಪಾಡಾಗಿತ್ತು. ಅದನ್ನು ತೆಗೆಯುವವರು ಬದಲಿಗೆ ಇನ್ನೊಂದನ್ನು ಇಡಬೇಕು.

ಇದಕ್ಕೆ ಎದುರಾಗಿ ನಗರ ಚಿಂತಕಿ ಜೇನ್ ಜೇಕಬ್ಸ್ ಅವರ ವಾದವನ್ನು ನಿಲ್ಲಿಸಬಹುದು, ನಿಲ್ಲಿಸಲೂಬೇಕು. 1961ರ ತಮ್ಮ ಗ್ರಂಥದಲ್ಲಿ ಅವರು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಜನ ಓಡಾಡುವ ಬೀದಿಯೇ ಸುರಕ್ಷಿತ, ಜೀವಂತ ಎಂದು ತೋರಿಸಿದರು. ರಾತ್ರಿ ದೀಪ ಉರಿಯುವ ಅಂಗಡಿ ಬೀದಿಗೆ ಕಣ್ಣು. ಪಾಳಿ ಮುಗಿಸಿ ಹನ್ನೊಂದಕ್ಕೆ ಬಸ್ಸಿಳಿದು ನಡೆದು ಬರುವ ಹೆಣ್ಣುಮಗಳಿಗೆ ತೆರೆದ ಔಷಧಿ ಅಂಗಡಿಯೊಂದು ಕೊಡುವ ಧೈರ್ಯವನ್ನು ಯಾವ ನಿಲುಗಡೆಯ ಲೆಕ್ಕವೂ ಅಳೆಯದು. ಇದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಜೇಕಬ್ಸ್ ಅವರ ಬೀದಿಯಲ್ಲಿ ಗಿರಾಕಿ ಮುಖ್ಯವಾಗಿ ನಡೆದು ಬರುವವನು. ನಡೆದು ಬರುವ ಗಿರಾಕಿ ಬೀದಿಗೆ ಕಣ್ಣನ್ನು ಕೊಡುತ್ತಾನೆ, ಜಾಗವನ್ನು ಕೇಳುವುದಿಲ್ಲ. ಕಾರಿನಲ್ಲಿ ಬರುವವನು ಫುಟ್‌ಪಾತಿನ ಮೇಲೆ ಚಕ್ರವೇರಿಸಿ ನಡೆಯುವವರನ್ನೇ ರಸ್ತೆಗಿಳಿಸುತ್ತಾನೆ. ವೇಳೆ ವಿಸ್ತರಣೆಯನ್ನು ತೂಗುವವರು ಕೇಳಬೇಕಾದ ಪ್ರಶ್ನೆ ಹಾಗಾದರೆ ಅಂಗಡಿ ಎಷ್ಟು ದೊಡ್ಡದು ಎಂಬುದಲ್ಲ, ಅದರ ರಾತ್ರಿಯ ಗಿರಾಕಿ ಎಲ್ಲಿಂದ, ಹೇಗೆ ಬರುತ್ತಾನೆ ಎಂಬುದು.

ಈ ದೃಷ್ಟಿಯಿಂದ 2021ರ ಅಧಿಸೂಚನೆಯ ‘ಹತ್ತು ಕೆಲಸಗಾರರು’ ಎಂಬ ಗಡಿಯನ್ನು ಮತ್ತೆ ನೋಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಕಾಯ್ದೆಯಲ್ಲೂ ಇದೇ ಗಡಿ ಇದೆ. ಕಾರ್ಮಿಕ ಕಾನೂನಿನ ಒಳಗೆ ಅದಕ್ಕೆ ಅರ್ಥವಿದೆ. ಬೀದಿಗೆ ಅದು ಏನನ್ನೂ ಹೇಳುವುದಿಲ್ಲ. ನಾಲ್ಕು ಜನ ದುಡಿಯುವ ದೋಸೆ ಅಂಗಡಿಯ ಮುಂದೆ ನಲವತ್ತು ಸ್ಕೂಟರ್ ನಿಲ್ಲಬಹುದು, ಮೂವತ್ತು ಜನರಿರುವ ಸೀರೆ ಅಂಗಡಿಯ ಮುಂದೆ ಐದು ಕಾರು. ಇಂಗ್ಲೆಂಡಿನ 1994ರ ಭಾನುವಾರದ ವ್ಯಾಪಾರ ಕಾಯ್ದೆ ಗಡಿಯನ್ನು ವಿಸ್ತೀರ್ಣದಲ್ಲಿ ಎಳೆಯುತ್ತದೆ: 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಭಾನುವಾರ ಆರು ಗಂಟೆ ಮಾತ್ರ ತೆರೆಯಬೇಕು. ಅದೂ ಬೀದಿಯ ಭಾರದ ನೇರ ಅಳತೆಯಲ್ಲ.

ಇಂಗ್ಲೆಂಡಿನಿಂದ ಕಲಿಯಬೇಕಾದದ್ದು ನಿರ್ಣಯದ ಕ್ರಮವನ್ನು. ಅಲ್ಲಿ ಅಂಗಡಿಯ ವೇಳೆ ಸಾಮಾನ್ಯವಾಗಿ ಕಟ್ಟಡದ ಯೋಜನಾ ಅನುಮತಿಗೆ ಲಗತ್ತಾದ ಷರತ್ತು. ಅದನ್ನು ಸಡಿಲಿಸಬೇಕೆಂದರೆ 1990ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 73ನೆಯ ಪ್ರಕರಣದಡಿ ಸ್ಥಳೀಯ ಕೌನ್ಸಿಲಿಗೆ ಅರ್ಜಿ ಹಾಕಬೇಕು. ನೆರೆಯವರ ಅಹವಾಲು, ರಸ್ತೆ ಪ್ರಾಧಿಕಾರದ ಅಭಿಪ್ರಾಯ, ಸದ್ದು, ನಿಲುಗಡೆ ಎಲ್ಲವೂ ಒಂದೇ ಕಡತದಲ್ಲಿ ಸೇರುತ್ತವೆ. ಷರತ್ತು ಅಗತ್ಯವೇ, ಖಚಿತವೇ, ಜಾರಿಗೆ ತರಬಲ್ಲದ್ದೇ, ನ್ಯಾಯಸಮ್ಮತವೇ ಎಂದು ಪರೀಕ್ಷಿಸಬೇಕಾಗುತ್ತದೆ. ಪರಿಣಾಮ ಅನಿಶ್ಚಿತವಾಗಿದ್ದರೆ ತಾತ್ಕಾಲಿಕ ಅನುಮತಿ ಕೊಟ್ಟು, ನೋಡಿ, ಆಮೇಲೆ ತೀರ್ಮಾನಿಸಬಹುದು. ಈ ಕೊನೆಯ ಉಪಾಯ ನನಗೆ ಎಲ್ಲಕ್ಕಿಂತ ಮೌಲ್ಯದ್ದೆನಿಸುತ್ತದೆ. ಒಂದು ಬೀದಿಗೆ ರಾತ್ರಿಯ ಅಂಗಡಿ ತರುವ ಬದಲಾವಣೆಯನ್ನು ಮುಂಗಡವಾಗಿ ಲೆಕ್ಕ ಹಾಕುವುದಕ್ಕಿಂತ ಆರು ತಿಂಗಳು ಕಣ್ಣಾರೆ ನೋಡುವುದು ನಂಬಲರ್ಹ.

ನಮ್ಮಲ್ಲಿ ಇದಕ್ಕೆ ತಕ್ಕ ವೇದಿಕೆ ಕಾಗದದ ಮೇಲೆ ಇದೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು. ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ಬೆಂಗಳೂರಿನ ನಿಲುಗಡೆ ನೀತಿಯಲ್ಲಿ ಪ್ರದೇಶವಾರು ಯೋಜನೆಯೂ ನಿವಾಸಿಗಳಿಗೆ ಶುಲ್ಕದ ಪರವಾನಗಿಯೂ ಇವೆ. ರಾತ್ರಿ ವೇಳೆಯ ಅರ್ಜಿಯನ್ನು ಆ ಪ್ರದೇಶದ ನಿಲುಗಡೆ ಯೋಜನೆಯ ಜೊತೆಗೇ ವಾರ್ಡ್ ಸಮಿತಿಯ ಮುಂದಿಡುವುದಕ್ಕೆ, ಕಾರ್ಮಿಕ ಇಲಾಖೆ ತನ್ನ ವಿನಾಯಿತಿಗೆ ಸ್ಥಳೀಯ ಸಂಸ್ಥೆಯ ಒಪ್ಪಿಗೆಯನ್ನು ಒಂದು ಷರತ್ತಾಗಿ ಸೇರಿಸಿದರೆ ಬಹುಶಃ ಸಾಕು.

ಉಳಿದಿರುವ ಪ್ರಶ್ನೆಗಳು ಸಣ್ಣವಲ್ಲ. ನನ್ನ ವಾದದ ತಳಹದಿ ಹಗಲು–ರಾತ್ರಿಯ ಹಂಚಿಕೆ. ಅದು ಯಾವ ಬಡಾವಣೆಯಲ್ಲಿ ಎಷ್ಟು ನಿಜ ಎಂಬುದನ್ನು ರಾತ್ರಿ ಎಂಟು, ಹತ್ತು, ಹನ್ನೆರಡರ ಎಣಿಕೆಗಳೇ ಹೇಳಬೇಕು. ಮನೆಯಿಂದ ಕೆಲಸ ಮಾಡುವವರು ಹೆಚ್ಚಿದಂತೆ ಹಗಲಿನ ತೆರವೂ ಕುಗ್ಗಿರಬಹುದು. ಹಾಗಿದ್ದರೆ ನಾನು ವರ್ಣಿಸಿದ ಒಪ್ಪಂದ ಅಂಗಡಿಯ ವೇಳೆ ಬದಲಾಗುವ ಮೊದಲೇ ಮುರಿದಿದೆ. ಮನೆಗೆ ತಂದುಕೊಡುವ ಸೇವೆಗಳ ಬೈಕುಗಳು ಗಿರಾಕಿಯ ಕಾರಿನ ಬದಲಿಗೆ ಬಂದಿವೆಯೋ ಅದರ ಜೊತೆಗೆ ಬಂದಿವೆಯೋ ಎಂಬುದೂ ತೀರ್ಮಾನವಾಗಬೇಕು. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಗೆ ಈ ವಾದ ಎಷ್ಟು ಹೊಂದುತ್ತದೆ ಎಂಬುದನ್ನು ಆ ಊರುಗಳ ಸಂಶೋಧಕರು ಪರೀಕ್ಷಿಸಬೇಕೆಂದು ಕೋರುತ್ತೇನೆ. ವಾರ್ಡ್ ಸಮಿತಿಯಲ್ಲಿ ಕುಳಿತು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯೂ ಇದೆ. ಬೆಂಗಳೂರು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ವಿಂಗಡವಾಯಿತು. ಅದಕ್ಕೂ ಮೊದಲಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೊನೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು.