ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಮಂಡ್ಯ ಸೀಮೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಮುಟ್ಟಿದುದನ್ನು ಮೈಸೂರು ಸಂಸ್ಥಾನದ ಚರಿತ್ರಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ವೈದ್ಯಕ್ಕೂ ಅದಕ್ಕೂ ಇರುವ ಸಂಬಂಧವನ್ನು ಅಷ್ಟಾಗಿ ವಿಚಾರಿಸಿಲ್ಲ. ರಾಂಟ್ಜೆನ್ 1895ರಲ್ಲಿ ಕಂಡ ಕ್ಷ-ಕಿರಣಗಳು ಪ್ರಯೋಗಶಾಲೆಯ ಕೌತುಕವಾಗಿ ಉಳಿಯದೆ ಆಸ್ಪತ್ರೆಯ ನಿತ್ಯದ ಸಾಧನವಾಗಬೇಕಾದರೆ ಎಡೆಬಿಡದೆ ಒದಗುವ ವಿದ್ಯುತ್ತು ಬೇಕಾಗಿತ್ತು. ಸಂಸ್ಥಾನದಲ್ಲಿ ಆ ಅನುಕೂಲಕ್ಕೆ ಮೂಲ ಮಂಡ್ಯ ಸೀಮೆಯ ಕಾವೇರಿ.

ಆದರೆ ಕ್ಷ-ಕಿರಣದ ಚಿತ್ರವು ನೆರಳು ಮಾತ್ರ. ಎಲುಬು, ಶ್ವಾಸಕೋಶ, ಗೆಡ್ಡೆ ಎಲ್ಲವೂ ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಗೆಡ್ಡೆಯು ಎಷ್ಟು ಆಳದಲ್ಲಿದೆಯೆಂಬುದು ತಿಳಿಯದು. ಹಲವು ಕೋನಗಳಿಂದ ನೆರಳುಗಳನ್ನು ಪಡೆದು ದೇಹದ ಅಡ್ಡಸೀಳನ್ನು ಗಣಿತದಿಂದ ಮರಳಿ ಕಟ್ಟುವ ಯಂತ್ರವನ್ನು ಹೌನ್ಸ್‌ಫೀಲ್ಡ್ ನಿರ್ಮಿಸಿದನು. ಅದನ್ನು ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಬಳಸಿದ್ದು 1971ರ ಅಕ್ಟೋಬರಿನಲ್ಲಿ. ಅದಕ್ಕೆ ಒಂದು ತಿಂಗಳು ಮುಂಚೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರ ಪ್ರಬಂಧವೊಂದು ಅಮೆರಿಕದಲ್ಲಿ ಪ್ರಕಟವಾಗಿತ್ತು. ನೆರಳುಗಳನ್ನು ಇದ್ದಂತೆಯೇ ಹಿಂದಕ್ಕೆ ಹರಡಿ ಕೂಡಿಸಿದರೆ ಚಿತ್ರ ಮಸಕಾಗುತ್ತದೆ. ಫೂರಿಯೇ ಪರಿವರ್ತನೆಯಿಂದ ಮಸಕು ನೀಗುವುದಾದರೂ ಅಂದಿನ ಗಣಕಗಳಿಗೆ ಅದು ಬಹು ಭಾರವಾದ ಲೆಕ್ಕ. ಪ್ರತಿಯೊಂದು ನೆರಳನ್ನೂ ಮೊದಲು ತಕ್ಕ ಸಂಖ್ಯಾಶ್ರೇಣಿಯೊಂದರಿಂದ ತಿದ್ದಿ ಅನಂತರ ಹರಡಿದರೆ, ಗುಣಾಕಾರ ಸಂಕಲನಗಳಿಂದಲೇ ಕೆಲಸ ಪೂರೈಸುತ್ತದೆಂದು ಅವರು ತೋರಿಸಿದರು. ಹೌನ್ಸ್‌ಫೀಲ್ಡನ ಮೊದಲ ಯಂತ್ರದ ಲೆಕ್ಕದ ಕ್ರಮ ಬೇರೆ. ಅನಂತರದ ಯಂತ್ರಗಳು ಹಿಡಿದದ್ದು ಈ ಮಾರ್ಗವನ್ನು. ಇಬ್ಬರ ಹೆಸರುಗಳನ್ನೂ ಮೊಟಕುಗೊಳಿಸಿ 'ರಾಮ್-ಲಾಕ್ ಶೋಧಕ'ವೆಂದು ಜಗತ್ತು ಅದನ್ನು ಇಂದಿಗೂ ಕರೆಯುತ್ತದೆ. ರಾಮಚಂದ್ರನ್ನರನ್ನು ಕೊಲಾಜನ್ನಿನ ರಚನೆಗಾಗಿ ನೆನೆಯುವ ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೂ ಎಡೆಯಿರಬೇಕಾಗಿತ್ತು. ಈಚಿನ ಸಂಶೋಧನೆಯು ಕಡಿಮೆ ಕಿರಣದಿಂದ ಸ್ಪಷ್ಟ ಚಿತ್ರ ಪಡೆಯಲು ನರಜಾಲದ ಮಾದರಿಯ ಗಣಕವಿಧಾನಗಳನ್ನು ಅನುಸರಿಸುತ್ತಿದೆಯಾದರೂ, ಹೋಲಿಕೆಗೆ ಹಳೆಯ ಮಾರ್ಗವನ್ನೇ ಎದುರಿಗಿಡುತ್ತದೆ.

ವಿಕಿರಣ ಚಿಕಿತ್ಸೆ ನಿಂತಿರುವುದು ಈ ಅಡ್ಡಸೀಳಿನ ಚಿತ್ರಗಳ ಮೇಲೆ. ಗೆಡ್ಡೆಯ ಮೇರೆ ತಿಳಿದಷ್ಟೂ ಸುತ್ತಣ ಅಂಗ ಸುಡುವುದು ತಪ್ಪುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಸ್ಥಾಪಿತವಾಯಿತು. ಈ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯತಕ್ಕದ್ದು. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರು. ಮಳವಳ್ಳಿಗೆ ರೈಲಿಲ್ಲ, ಮದ್ದೂರಿಗೆ ಬಂದು ರೈಲು ಹತ್ತಬೇಕು, ಇಲ್ಲವೆ ಕನಕಪುರದ ಹಾದಿಯ ಬಸ್ಸು. ಕಬ್ಬಿನ ಕಟಾವು ಬಂದಾಗ ಗದ್ದೆ ಬಿಟ್ಟು ತಿಂಗಳುಗಟ್ಟಲೆ ನಗರದಲ್ಲಿ ನಿಲ್ಲುವುದು ಎಷ್ಟು ಮನೆಗಳಿಗೆ ಸಾಧ್ಯ? ಚಿಕಿತ್ಸೆಯ ಚರಿತ್ರೆಯನ್ನು ಯಂತ್ರಗಳ ಇಸವಿಗಳಿಂದ ಮಾತ್ರವೇ ಬರೆಯುವುದನ್ನು ನಾವು ಒಪ್ಪದಿರುವುದು ಈ ಕಾರಣದಿಂದ.

ಇನ್ನೊಂದು ತೊಡಕೂ ಉಂಟು. 1982ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು ನಗರದ ನಿವಾಸಿಗಳನ್ನು ಎಣಿಸುವಂಥದು. ಮದ್ದೂರಿನಿಂದ ಬಂದು ಚಿಕಿತ್ಸೆ ಪಡೆದವಳು ಆಸ್ಪತ್ರೆಯ ಕಡತದಲ್ಲಿ ಇರುತ್ತಾಳೆ, ನಗರದ ಅಂಕಿಗಳಲ್ಲಿ ಇರುವುದಿಲ್ಲ. ಈ ಸೀಮೆಯ ರೋಗಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಯು ಮುದ್ರಿತ ಕೋಷ್ಟಕಗಳನ್ನು ಬದಿಗಿಟ್ಟು, ಹಳೆಯ ಕಡತಗಳಲ್ಲಿ ಊರಿನ ಹೆಸರು ಬರೆದಿರುವ ಅಂಕಣದಿಂದ ಮೊದಲುಮಾಡಬೇಕಾಗುತ್ತದೆ.