‘ಎಐ ಬಂತು, ಹೆಲ್ಪ್‌ಡೆಸ್ಕ್ ಕೆಲಸ ಮುಗೀತು’: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

“ಟೆಕ್ನಿಕಲ್ ಸಪೋರ್ಟ್ ಕೋರ್ಸ್‌ಗೆ ದುಡ್ಡು ಸುರಿಯಬೇಡಿ, ಇನ್ನು ಎಲ್ಲಾ ಎಐ ಮಾಡುತ್ತೆ” ಎಂಬ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದೇ ಗುಂಪಿಗೆ ಮರುದಿನ “ಕಂಪ್ಯೂಟರ್ ಸಪೋರ್ಟ್ ಕೆಲಸ, ಅನುಭವ ಬೇಡ, ಕೈತುಂಬಾ ಸಂಬಳ” ಎಂಬುದೂ ಬರುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಹಲವು ಬಾರಿ ಬಲೆ.

ಈ ಕೆಲಸ ನಡೆಯುವ ಬಗೆ ಗೊತ್ತಿದ್ದರೆ ವಿಷಯ ಅರ್ಥವಾಗುವುದು ಸುಲಭ. ಕಂಪನಿಯೊಂದರ ಉದ್ಯೋಗಿಗೆ ಪಾಸ್‌ವರ್ಡ್ ಮರೆತುಹೋದರೆ, ಪ್ರಿಂಟರ್ ಮುಷ್ಕರ ಹೂಡಿದರೆ, ಆತ ಹೆಲ್ಪ್‌ಡೆಸ್ಕ್‌ಗೆ ‘ಟಿಕೆಟ್’ ಹಾಕುತ್ತಾನೆ. ಅದು ಮೊದಲು ಹೋಗುವುದು ಎಲ್-1 ಎಂಬ ಮೊದಲ ಹಂತಕ್ಕೆ. ಅಲ್ಲಿರುವವರು ಬರೆದಿಟ್ಟ ಸೂಚನೆಗಳ ಪ್ರಕಾರ ಪರಿಹಾರ ಹೇಳುತ್ತಾರೆ. ಅಲ್ಲಿ ಬಗೆಹರಿಯದ್ದು ಎಲ್-2ಕ್ಕೆ, ಸರ್ವರ್, ನೆಟ್‌ವರ್ಕ್ ಮಟ್ಟದ ತೊಡಕು ಎಲ್-3ಕ್ಕೆ. ಡಿಪ್ಲೊಮಾ, ಬಿಸಿಎ, ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದ ಎಷ್ಟೋ ಹುಡುಗ ಹುಡುಗಿಯರು ಐಟಿ ಲೋಕದೊಳಗೆ ಕಾಲಿಟ್ಟಿದ್ದು ಎಲ್-1 ಎಂಬ ಈ ಬಾಗಿಲಿನಿಂದಲೇ.

ಎಐ ಹೊಡೆತ ಬೀಳುತ್ತಿರುವುದೂ ಇದೇ ಬಾಗಿಲಿಗೆ. ಪಾಸ್‌ವರ್ಡ್ ಬದಲಿಸುವಂಥ, ದಿನಕ್ಕೆ ನೂರು ಸಲ ಒಂದೇ ರೀತಿ ಬರುವ ಪ್ರಶ್ನೆಗೆ ಉತ್ತರ ಕೊಡಲು ಚಾಟ್‌ಬಾಟ್ ಸಾಕು. 2023ರಲ್ಲಿ ಬೆಂಗಳೂರಿನ ‘ದುಕಾನ್’ ಎಂಬ ಸ್ಟಾರ್ಟಪ್‌ನ ಮುಖ್ಯಸ್ಥರೇ ಗ್ರಾಹಕ ಸಪೋರ್ಟ್ ತಂಡದ ಶೇ 90ರಷ್ಟು ಜನರ ಜಾಗಕ್ಕೆ ಚಾಟ್‌ಬಾಟ್ ತಂದಿದ್ದಾಗಿ ಬಹಿರಂಗವಾಗಿ ಹೇಳಿಕೊಂಡರು. ಫಾರ್ವರ್ಡ್ ಬರೆಯುವವರಿಗೆ ಇಷ್ಟು ಸಿಕ್ಕರೆ ಸಾಕು!

ಆದರೆ ಇನ್ನೊಂದು ಕಥೆಯೂ ಇದೆ. ಸ್ವೀಡನ್‌ನ ‘ಕ್ಲಾರ್ನಾ’ ಕಂಪನಿ 2024ರಲ್ಲಿ ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು ಘೋಷಿಸಿತ್ತು. 2025ರಲ್ಲಿ ಅದೇ ಕಂಪನಿ, ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು, ಗ್ರಾಹಕರ ಜತೆ ಮಾತಾಡಲು ಮತ್ತೆ ಮನುಷ್ಯರನ್ನು ಹುಡುಕತೊಡಗಿತು. ಈ ಎರಡನೇ ಸುದ್ದಿ ಫಾರ್ವರ್ಡ್ ಆಗಿದ್ದನ್ನು ನಾವಂತೂ ನೋಡಿಲ್ಲ.

ಸಂಶೋಧನೆ ಏನು ಹೇಳುತ್ತದೆ? ಸಾಫ್ಟ್‌ವೇರ್ ಕಂಪನಿಯೊಂದರ ಐದು ಸಾವಿರಕ್ಕೂ ಹೆಚ್ಚು ಸಪೋರ್ಟ್ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನ 2023ರಲ್ಲಿ ಹೊರಬಂತು. ಎಐ ಪಕ್ಕದಲ್ಲಿ ಕೂತು ಸಲಹೆ ಕೊಟ್ಟಾಗ, ಗಂಟೆಗೆ ಬಗೆಹರಿಯುವ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಂತೂ ಶೇ 34. ಹಳಬರಿಗೆ ಹೆಚ್ಚೇನೂ ಲಾಭವಾಗಲಿಲ್ಲ. ಅಂದರೆ ಎಐ ಹೊಸಬರಿಗೆ ಬೇಗ ಕೆಲಸ ಕಲಿಸುತ್ತದೆ. ಆದರೆ ನಾಲ್ವರ ಕೆಲಸ ಮೂವರಿಂದ ಆಗುವುದಾದರೆ ನಾಲ್ಕನೆಯವರನ್ನು ತೆಗೆದುಕೊಳ್ಳುವವರು ಯಾರು? 2025ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿದಾಗ, ಎಐ ಹೆಚ್ಚು ತಟ್ಟಿದ ಕೆಲಸಗಳಲ್ಲಿ 22ರಿಂದ 25ರ ವಯಸ್ಸಿನವರಿಗೆ ಸಿಗುವ ಉದ್ಯೋಗ, ಉಳಿದವರಿಗೆ ಹೋಲಿಸಿದರೆ, ಶೇ 13ರಷ್ಟು ಕುಗ್ಗಿತ್ತು. ಗ್ರಾಹಕ ಸೇವೆ ಆ ಪಟ್ಟಿಯಲ್ಲಿತ್ತು. ಚಿಂತೆಗೆ ನಿಜವಾದ ಕಾರಣ ಇದು.

ಹಾಗಂತ ಕೆಲಸವೇ ಇಲ್ಲವಾಗುತ್ತದೆ ಎನ್ನಲಾಗದು. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆ, 2024ರಿಂದ 2034ರ ನಡುವೆ ಕಂಪ್ಯೂಟರ್ ಸಪೋರ್ಟ್ ಉದ್ಯೋಗಗಳು ಅಲ್ಲಿ ಶೇ 3ರಷ್ಟು ಇಳಿಯಬಹುದು ಎಂದು ಅಂದಾಜಿಸಿದೆ. ಆದರೂ ನಿವೃತ್ತಿಯಾಗುವವರ, ಬೇರೆ ಕೆಲಸಕ್ಕೆ ಹೋಗುವವರ ಜಾಗ ತುಂಬಲು ಪ್ರತಿವರ್ಷ ಸುಮಾರು 50 ಸಾವಿರ ಹುದ್ದೆ ತೆರೆಯುತ್ತವೆ. ಕುಗ್ಗುವುದು ಬೇರೆ, ಮುಗಿಯುವುದು ಬೇರೆ.

ಈಗ ಕೋರ್ಸ್ ಸೇರುವವರಿಗೆ ನಮ್ಮ ಸಲಹೆ: ಬರೀ ಫೋನಿನಲ್ಲಿ ಮಾತಾಡುವುದನ್ನು, ಇಂಗ್ಲಿಷ್ ಉಚ್ಚಾರಣೆಯನ್ನು ಕಲಿಸುವ ಕಡೆ ದೊಡ್ಡ ಫೀಸು ಕಟ್ಟಬೇಡಿ. ನೆಟ್‌ವರ್ಕಿಂಗ್, ಲಿನಕ್ಸ್, ಕ್ಲೌಡ್, ಬಳಕೆದಾರರ ಖಾತೆ ಮತ್ತು ಅನುಮತಿಗಳ ನಿರ್ವಹಣೆ, ಸೈಬರ್ ಸುರಕ್ಷತೆಯ ಮೂಲಪಾಠ ಕಲಿಸುವ ಕಡೆ ಹೋಗಿ. ಇವು ಎಲ್-2ರ ವಿದ್ಯೆಗಳು. ಸುಟ್ಟುಹೋದ ಸ್ವಿಚ್ ಬದಲಿಸಲು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರ್ ಕೆಟ್ಟಾಗ ಓಡಿಹೋಗಲು ಚಾಟ್‌ಬಾಟ್‌ಗೆ ಕೈಕಾಲಿಲ್ಲ. ಕೆಲಸಕ್ಕಿರುವವರು ಸಂದರ್ಶನದಲ್ಲೇ ಕೇಳಿಬಿಡಿ: ಎಲ್-1ರಿಂದ ಮೇಲಕ್ಕೆ ಹೋಗಲು ಇಲ್ಲಿ ಎಷ್ಟು ಸಮಯ ಬೇಕು, ತರಬೇತಿ ಕೊಡುವವರು ಯಾರು?

ಇನ್ನು ಆ ಎರಡನೇ ಫಾರ್ವರ್ಡ್. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಕೆಲಸಕ್ಕೆ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ವಿದೇಶದ ಆಮಿಷವಾದರೆ ಇನ್ನೂ ಎಚ್ಚರ. ಥಾಯ್ಲೆಂಡ್, ಲಾವೋಸ್‌ನಲ್ಲಿ ‘ಕಸ್ಟಮರ್ ಸಪೋರ್ಟ್’ ಕೆಲಸ ಎಂದು ಕರೆದೊಯ್ದು, ಲಾವೋಸ್‌ನ ಗೋಲ್ಡನ್ ಟ್ರಯಾಂಗಲ್ ವಲಯದ ವಂಚನೆ ಕಾಲ್ ಸೆಂಟರ್‌ಗಳಲ್ಲಿ ಸಿಲುಕಿಸುವ ಜಾಲದ ಬಗ್ಗೆ ನಮ್ಮ ರಾಯಭಾರ ಕಚೇರಿಯೇ ಎಚ್ಚರಿಸಿದೆ. ಅಲ್ಲಿಗೆ ಇಳಿದ ಮೇಲೆ ಸಿಗುವ ‘ವೀಸಾ ಆನ್ ಅರೈವಲ್’ನಲ್ಲಿ ಕೆಲಸ ಮಾಡಲು ಅನುಮತಿಯೇ ಇಲ್ಲ. ಏಜೆಂಟ್ ನೋಂದಾಯಿತನೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.